‘ನೀವು ಯಾವ ಮಂದಿ?’: ಬಾಡಿಗೆ ಕೋಣೆಯ ಒಂದು ಪ್ರಕರಣ

ಸ್ನಾತಕೋತ್ತರ ಪ್ರವೇಶ ಮುಗಿದು ತರಗತಿಗಳು ಶುರುವಾದ ಒಂದೆರಡು ತಿಂಗಳಿಗೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವ ವಿದ್ಯಾರ್ಥಿಗಳ ದೂರು ಹೆಚ್ಚುಕಡಿಮೆ ಒಂದೇ ಬಗೆಯದು: ರಾತ್ರಿ ನಿದ್ದೆ ಬರುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ, ಊರಿಗೆ ಹೋಗಬೇಕೆನಿಸುತ್ತದೆ, ಹೋದರೆ ಅಲ್ಲಿಯೂ ಮನಸ್ಸು ನಿಲ್ಲುವುದಿಲ್ಲ. ಬಹುಪಾಲು ಮಂದಿಗೆ ಇದು ಹೊಸ ಜಾಗಕ್ಕೆ ಒಗ್ಗಿಕೊಳ್ಳುವ ಕಾಲದ ಸಂಕಟವಾಗಿದ್ದು, ಜೊತೆಗಾರರು ಸಿಕ್ಕು ಊಟ-ವಸತಿ ಒಂದು ಹದಕ್ಕೆ ಬಂದ ಮೇಲೆ ತಾನಾಗಿ ಇಳಿಯುತ್ತದೆ. ಆದರೆ ಕೆಲವರಲ್ಲಿ ದಿನ ಕಳೆದಷ್ಟೂ ಅದು ಏರುತ್ತ ಹೋಗುತ್ತದೆ, ಮತ್ತು ಅಂಥವರ ತೊಂದರೆಯ ಬೇರನ್ನು ಹುಡುಕಿಕೊಂಡು ಹೋದರೆ ಅವರು ಬಾಡಿಗೆಗೆ ಹಿಡಿದ ಕೋಣೆಯ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಅಂಥ ಒಂದು ಪ್ರಕರಣವನ್ನು, ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಇಬ್ಬರು ಸಹೋದ್ಯೋಗಿಗಳು ಒಪ್ಪಲಿಲ್ಲವಾದ್ದರಿಂದ, ಅದನ್ನು ಏಕೆ ಕೊಟ್ಟೆ ಎಂಬುದನ್ನೂ ಹೇಳಬೇಕಾಗಿದೆ.

ಆಕೆ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯವಳು, ಪರಿಶಿಷ್ಟ ಜಾತಿಗೆ ಸೇರಿದವಳು. ತಾಯಿ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುವ ಕೂಲಿ. ಎಂ.ಎ.ಗೆಂದು ಬಳ್ಳಾರಿಗೆ ಬಂದಾಗ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿದ್ದಳು. ಆದರೆ ಆಯ್ಕೆ ಪಟ್ಟಿ ಬರುವ ಮೊದಲೇ ತರಗತಿಗಳು ಆರಂಭವಾದವು. ಇದು ಇವಳೊಬ್ಬಳ ಪಾಡಲ್ಲ. ಪ್ರವೇಶಕ್ಕೂ ಹಾಸ್ಟೆಲ್ ಪಟ್ಟಿಗೂ ನಡುವೆ ಬೀಳುವ ಈ ವಾರಗಳಲ್ಲಿಯೇ ಹಳ್ಳಿಯಿಂದ ಬಂದ ಮಕ್ಕಳು ಬ್ಯಾಗು ಹಿಡಿದುಕೊಂಡು ಓಣಿ ಓಣಿ ತಿರುಗುವುದು. ಬಳ್ಳಾರಿಯ ವಿಶ್ವವಿದ್ಯಾಲಯ 2010ಕ್ಕೆ ಮುಂಚೆ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ವಿಶ್ವವಿದ್ಯಾಲಯವಾದ ಮೇಲೆ ಈಗ ಕಂಟೋನ್ಮೆಂಟ್ ಕಡೆಯ ಬಡಾವಣೆಗಳಲ್ಲಿ ಮಾಳಿಗೆಯ ಮೇಲೊಂದು ಕೋಣೆ ಎಬ್ಬಿಸಿ ವಿದ್ಯಾರ್ಥಿಗಳಿಗೆ ಕೊಡುವ ಮನೆಗಳು ಬೇಕಾದಷ್ಟಿವೆ. ಕೋಣೆಗಳಿಗೆ ಬರವಿಲ್ಲದಿದ್ದರೂ ಅವುಗಳ ಬಾಗಿಲಲ್ಲಿ ಕೇಳುವ ಪ್ರಶ್ನೆಗಳಿವೆ. ಯಾವ ಊರು, ಎಷ್ಟು ಮಂದಿ ಇರುತ್ತೀರಿ, ಮೊಟ್ಟೆ ಮಾಂಸ ಬೇಯಿಸುತ್ತೀರೋ ಎಂದೆಲ್ಲ ಕೇಳಿದ ಮೇಲೆ, ಅಡ್ವಾನ್ಸಿನ ಮಾತಿಗೆ ಮುಂಚೆ, ‘ನೀವು ಯಾವ ಮಂದಿ?’ ಎಂಬ ಪ್ರಶ್ನೆ ಬರುತ್ತದೆ.

ಮೊದಲ ಮನೆಯಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮನೆಯಾಕೆ ಒಳಗೆ ಹೋಗಿ ಬಂದು, ‘ನಮ್ಮ ತಮ್ಮನ ಮಗ ಓದಾಕ ಬರ್ತಾನಂತ, ಕೊಡಂಗಿಲ್ಲಮ್ಮ’ ಎಂದರಂತೆ. ವಾರವಾದರೂ ಕಾಂಪೌಂಡಿಗೆ ತೂಗುಹಾಕಿದ್ದ ‘ರೂಮು ಬಾಡಿಗೆಗೆ ಇದೆ’ ಎಂಬ ರಟ್ಟು ಹಾಗೆಯೇ ಇತ್ತು. ಇನ್ನೊಂದು ಮನೆಯಲ್ಲಿಯೂ ಅದೇ ಆಯಿತು. ಮತ್ತೊಂದು ಮನೆಯಲ್ಲಿ ಒಡತಿ ಇವಳ ಹೆಸರು ಕೇಳುತ್ತಲೇ, ‘ನಮ್ಮ ಪೈಕಿನೇ ಇರಬೇಕಲ್ಲ ನೀವು?’ ಎಂದು ತಾವೇ ಒಂದು ಜಾತಿಯ ಹೆಸರು ಹೇಳಿದರು. ಇವಳು ‘ಹ್ಞೂಂ’ ಎನ್ನಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಜೊತೆಗಿದ್ದ ಸಹಪಾಠಿ, ಬೇರೆ ಜಾತಿಯವಳು, ನೆಲ ನೋಡುತ್ತ ನಿಂತಳು. ಕೋಣೆ ಸಿಕ್ಕಿತು.

ಇದನ್ನೆಲ್ಲ ಅವಳು ನನಗೆ ಮೊದಲೇ ಹೇಳಿದ್ದಲ್ಲ. ವಿಭಾಗದ ಅಧ್ಯಾಪಕರು ‘ಹಾಜರಾತಿ ಕಡಿಮೆ, ಸೆಮಿನಾರಿನಲ್ಲಿ ಎದ್ದು ನಿಂತರೆ ಬಾಯಿ ಒಣಗುತ್ತದೆ’ ಎಂದು ಕಳಿಸಿದ್ದರು. ಆರಂಭದ ಭೇಟಿಗಳಲ್ಲಿ ಮಾತು ನಿದ್ದೆ, ಹಸಿವು, ಪರೀಕ್ಷೆಗಳ ಸುತ್ತಲೇ ತಿರುಗುತ್ತಿತ್ತು. ಒಂದು ಬಾರಿ ಮಾತ್ರ, ತಾನು ಇನ್ನೂ ಆಧಾರ್ ಜೆರಾಕ್ಸ್ ಕೊಡದೆ ಓನರಿಗೆ ‘ಇವತ್ತು, ನಾಳೆ’ ಎನ್ನುತ್ತಿರುವುದಾಗಿ ಹೇಳಿ ತಟ್ಟನೆ ಸುಮ್ಮನಾಗಿದ್ದಳು. ಆಧಾರ್ ಕಾರ್ಡಿನಲ್ಲಿ ಜಾತಿ ಇರುವುದಿಲ್ಲ. ಆದರೆ ವಿಳಾಸ ಇರುತ್ತದೆ, ಮತ್ತು ಅವಳ ವಿಳಾಸದಲ್ಲಿ ‘ಎ.ಕೆ. ಕಾಲೊನಿ’ ಎಂದು ಅಚ್ಚಾಗಿದೆ. ಎ.ಕೆ. ಎಂದರೆ ಆದಿ ಕರ್ನಾಟಕ; ಅದು ದಲಿತರ ಕೇರಿಯೆಂದು ನಮ್ಮ ಭಾಗದವರಿಗೆ ಬೇರೆ ವಿವರಿಸಬೇಕಾಗುವುದಿಲ್ಲ.

ಪ್ರಕರಣ ತಿರುಗಿದ್ದು ನಾನು ಎಲ್ಲರಿಗೂ ಕೇಳುವ ಒಂದು ಸಾಧಾರಣ ಪ್ರಶ್ನೆಯಿಂದ: ‘ನಿನ್ನ ರೂಮಿಗೆ ಯಾರು ಯಾರು ಬರುತ್ತಾರೆ?’ ಹೊಸ ಊರಿನಲ್ಲಿ ಒಬ್ಬರ ಬೇರು ಎಷ್ಟು ಇಳಿದಿದೆ ಎಂಬುದು ಇದರಿಂದ ತಿಳಿಯುತ್ತದೆಂದು ಕೇಳುವ ಪ್ರಶ್ನೆ. ಅವಳು ಬಹಳ ಹೊತ್ತು ಉತ್ತರಿಸಲಿಲ್ಲ. ಆಮೇಲೆ ಹೇಳಿದಳು.

‘ಯಾರೂ ಬರಂಗಿಲ್ರಿ ಮೇಡಂ. ನಮ್ಮವ್ವ ಐತವಾರ ಬಂದಿದ್ಲು. ಬಸ್‌ಸ್ಟ್ಯಾಂಡಿಗೇ ಹೋಗಿ ಮಾತಾಡ್ಸಿ ಕಳಿಸಿಬಿಟ್ಟೆ.’

ತಾಯಿ ಬಂದದ್ದು ಅದೇ ಮೊದಲಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾದ ಮೇಲೆ ಈ ತಾಯಂದಿರಿಗೆ ಬರಬೇಡವೆನ್ನಲು ಮಕ್ಕಳ ಬಳಿ ರೊಕ್ಕದ ನೆಪ ಉಳಿದಿಲ್ಲ. ಕೂಲಿ ಇಲ್ಲದ ದಿನ ಆಕೆ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂದುಬಿಡುತ್ತಾಳೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ತಾಯಿಮಗಳು ಕುಳಿತು, ಹೋದ ಸಲದ ಖಾಲಿ ಡಬ್ಬಿ ಇಸಿದುಕೊಂಡು ಹೊಸ ಗಂಟು ಕೊಟ್ಟು, ಮತ್ತೊಂದು ಸಿರುಗುಪ್ಪ ಬಸ್ಸು ಬರುವವರೆಗೆ ಮಾತನಾಡುತ್ತಾರೆ. ‘ರೂಮು ಹೆಂಗೈತಿ, ಒಮ್ಮೆ ತೋರಿಸು’ ಎಂದು ಪ್ರತಿ ಸಲವೂ ಕೇಳುತ್ತಾಳಂತೆ. ‘ದೂರ ಐತವ್ವ, ಆಟೋದವರು ಭಾಳ ಕೇಳ್ತಾರ’ ಎಂದು ಇವಳು ಹೇಳುತ್ತಾಳೆ. ತಾಯಿಯ ಮಾತು, ಸೀರೆ ಉಟ್ಟ ರೀತಿ, ಊರಿನ ಸುದ್ದಿ ಬಂದರೆ ಬಾಯಿಗೆ ಬರುವ ಓಣಿಯ ಹೆಸರು, ಯಾವುದರಿಂದಲಾದರೂ ಗೊತ್ತಾದೀತು ಎಂಬ ಭಯ.

‘ಈ ಸಲ ಬಸ್ ಹತ್ತೋವಾಗ ಅವ್ವ ಅಂದ್ಲು ರೀ, ಆ ಓನರಮ್ಮ ನಿನ್ನ ಛಂದ ನೋಡ್ಕೊಂತಾಳ ಅಂತೀಯಲ್ಲ, ಆಕಿಗೂ ನಾಕು ರೊಟ್ಟಿ ಕೊಡು ಅಂತ.’

‘ಕೊಟ್ಟೆಯಾ?’

‘ಕೊಟ್ಟೆ ರೀ. ಆಂಟಿ ಉಂಡ್ರು. ರೊಟ್ಟಿ ಭಾಳ ತೆಳ್ಳಗ ಬಡದಾಳ ನಿಮ್ಮವ್ವ, ಒಮ್ಮಿ ಕರ್ಕೊಂಡು ಬಾ, ನಾನೂ ನೋಡ್ತೀನಿ ಅಂದ್ರು.’

ಆ ರಾತ್ರಿಯಿಂದ ಅವಳಿಗೆ ನಿದ್ದೆ ಪೂರ್ತಿ ಹೋಗಿತ್ತು. ಒಡತಿ ಕೆಟ್ಟವರಲ್ಲ ಎಂಬುದೇ ಇಲ್ಲಿಯ ತೊಡಕು. ಜ್ವರ ಬಂದಾಗ ಗಂಜಿ ಕೊಟ್ಟಿದ್ದರು, ಹಬ್ಬಕ್ಕೆ ಹೋಳಿಗೆ ಕಳಿಸಿದ್ದರು, ಶುಕ್ರವಾರ ಕರೆದು ಕುಂಕುಮ ಹಚ್ಚುತ್ತಿದ್ದರು. ಸಿಗುತ್ತಿದ್ದ ಪ್ರತಿಯೊಂದು ಪ್ರೀತಿಯೂ ಬೇರೆ ಯಾರದೋ ಹೆಸರಿಗೆ ಬಂದದ್ದನ್ನು ತಾನು ಪಡೆದುಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಅನಿಸುತ್ತಿತ್ತು. ಕೊನೆಗೆ ಕೇಳಿದಳು: ‘ನಾನು ಆಂಟಿಗೆ ಮೋಸ ಮಾಡೀನಿ, ಅಲ್ಲರೀ?’

ಈ ಪ್ರಶ್ನೆಗೆ ‘ಇಲ್ಲ’ ಎಂದುಬಿಡುವುದು ಸುಲಭ, ಆದರೆ ಸಲಹೆಗಾರರ ಬಾಯಿಂದ ಬಂದ ಸಮಾಧಾನವನ್ನು ಅವಳು ನಂಬುತ್ತಿರಲಿಲ್ಲ. ಹಾಗಾಗಿ, ಬಾಡಿಗೆಗಿರುವವರು ಮನೆಯವರಿಗೆ ಏನೇನು ಕೊಡಬೇಕಾಗುತ್ತದೆ ಎಂದು ಅವಳಿಂದಲೇ ಒಂದು ಹಾಳೆಯಲ್ಲಿ ಬರೆಸಿದೆ. ಅಡ್ವಾನ್ಸು, ತಿಂಗಳ ಬಾಡಿಗೆ, ಕರೆಂಟು, ರಾತ್ರಿ ಹೊತ್ತಿಗೆ ಸರಿಯಾಗಿ ಬರುವುದು, ಕೋಣೆ ಚೊಕ್ಕಟವಾಗಿಡುವುದು ಎಂದೆಲ್ಲ ಬರೆದಳು. ಇದರಲ್ಲಿ ಏನೇನು ಬಾಕಿ ಉಳಿಸಿಕೊಂಡಿದ್ದೀಯ ಎಂದು ಕೇಳಿದೆ. ಹಾಳೆಯನ್ನು ಎರಡು ಸಲ ಓದಿ, ‘ಆಧಾರ್ ಜೆರಾಕ್ಸ್ ಒಂದು ರೀ’ ಎಂದು ನಕ್ಕಳು. ನನ್ನೆದುರು ಅವಳು ನಕ್ಕದ್ದು ಅದೇ ಮೊದಲು. ಜಾತಿ ಆ ಪಟ್ಟಿಯಲ್ಲಿ ಇರಲಿಲ್ಲ, ಮತ್ತು ಅದನ್ನು ಬರೆಯಲು ಅವಳ ಕೈ ತಾನಾಗಿ ಹೋಗಿರಲೂ ಇಲ್ಲ. ಕೊಡಬೇಕಾಗಿಲ್ಲದ್ದನ್ನು ಕೊಡದೆ ಇರುವುದು ಮೋಸವಾಗುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಕೇಳಬಾರದ ಪ್ರಶ್ನೆಯನ್ನು ಕೇಳಿದವರ ಹೊಣೆಯನ್ನು ಉತ್ತರಿಸಲಾರದೆ ಸುಮ್ಮನಿದ್ದವರ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಆದರೂ ಆ ಕೋಣೆಯಲ್ಲಿಯೇ ಇರು ಎಂದು ನಾನು ಹೇಳಲಿಲ್ಲ. ತಪ್ಪು ಅವಳದಲ್ಲವೆಂದು ತಿಳಿದ ಮಾತ್ರಕ್ಕೆ ತಾಯಿಯನ್ನು ಬಸ್ ನಿಲ್ದಾಣದಿಂದಲೇ ಹಿಂದಕ್ಕೆ ಕಳಿಸುವುದು ನಿಲ್ಲುವುದಿಲ್ಲವಲ್ಲ. ಎರಡು ವರ್ಷ ಹೀಗೆ ನಡೆದರೆ ಅವಳಿಗೆ ಪದವಿ ಸಿಕ್ಕೀತು, ಆದರೆ ತನ್ನ ತಾಯಿಯನ್ನು ಕಂಡರೆ ಅಂಜುವ ಅಭ್ಯಾಸವೂ ಅದರ ಜೊತೆಗೇ ಬಂದೀತು. ನಾನು ಕೊಟ್ಟ ಸಲಹೆ ಇಷ್ಟು: ತಿಂಗಳು ಮುಂಚಿತವಾಗಿ ತಿಳಿಸಿ ಕೋಣೆ ಬಿಡು, ಅಡ್ವಾನ್ಸು ಲೆಕ್ಕ ಮಾಡಿ ವಾಪಸು ತೆಗೆದುಕೋ, ಹಾಸ್ಟೆಲ್ ಅರ್ಜಿ ಏನಾಯಿತೆಂದು ಕಚೇರಿಗೆ ಹೋಗಿ ವಿಚಾರಿಸು, ಅದು ತಡವಾದರೆ ತರಗತಿಯ ಹುಡುಗಿಯರೊಂದಿಗೆ ಸೇರಿ, ಒಡೆಯರು ಬೇರೆ ಕಡೆ ಇರುವ ಮನೆ ನೋಡು, ಜಾತಿಯನ್ನು ಒಡತಿಗೆ ಹೇಳುವುದು ಬಿಡುವುದು ನಿನ್ನ ಇಷ್ಟ, ಆದರೆ ಆ ಮನೆಯ ಮಾಳಿಗೆಯಲ್ಲಿ ಇರುವಷ್ಟು ದಿನ ಹೇಳಬೇಡ.

ಒಬ್ಬ ಸಹೋದ್ಯೋಗಿಯ ಆಕ್ಷೇಪ, ಒಡತಿ ಅಷ್ಟು ಅಂತಃಕರಣದವರಾಗಿದ್ದರೆ ಸತ್ಯ ಹೇಳಿಸಬೇಕಿತ್ತು, ಒಂದು ಮನೆಯಾದರೂ ಬದಲಾಗುತ್ತಿತ್ತು ಎಂಬುದು. ಬದಲಾಗುತ್ತಿತ್ತೇನೋ. ಆದರೆ ಆಗದಿದ್ದರೆ ರಾತ್ರೋರಾತ್ರಿ ಟ್ರಂಕು ಹಿಡಿದು ಹೊರಗೆ ನಿಲ್ಲುವವಳು ಯಾರು? ಒಂದು ಮನೆಯ ಮನಸ್ಸನ್ನು ಪರೀಕ್ಷಿಸಲು ಇಪ್ಪತ್ತೊಂದರ ಹುಡುಗಿಯ ಸೂರನ್ನು ಪಣಕ್ಕಿಡುವ ಹಕ್ಕು ನನಗಿಲ್ಲ. ಸಮಾಜ ಸುಧಾರಣೆ ಆಗಬೇಕು, ನಿಜ; ಸೆಮಿಸ್ಟರ್ ಪರೀಕ್ಷೆಯ ಮುಂದೆ ಕುಳಿತವಳ ತಲೆಯ ಮೇಲೆ ಆ ಭಾರ ಹಾಕಿ ಆಗಬಾರದು.

ಮತ್ತೊಬ್ಬರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ದೂರು ಏಕೆ ಕೊಡಿಸಲಿಲ್ಲ? ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಒಂದು ಬಡಾವಣೆಯಲ್ಲಿ ಮನೆ ಹಿಡಿದು ವಾಸಿಸುವುದಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಇಂಥ ದೂರುಗಳಿಗಾಗಿ ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೂ ಇದೆ. ಇದನ್ನೆಲ್ಲ ನಾನು ಅವಳಿಗೆ ವಿವರವಾಗಿ ಹೇಳಿದ್ದೇನೆ, ಏಕೆಂದರೆ ಕಾನೂನು ತನ್ನ ಕಡೆ ಇದೆಯೆಂದು ತಿಳಿದರೇ ಅರ್ಧ ಅಂಜಿಕೆ ಹೋಗುತ್ತದೆ. ಆದರೆ ಮೊದಲಿನ ಎರಡು ಮನೆಯವರು ಬಾಯಿಬಿಟ್ಟು ಜಾತಿಯ ಕಾರಣ ಹೇಳಿರಲಿಲ್ಲ, ತಮ್ಮನ ಮಗನನ್ನು ಮುಂದೆ ಮಾಡಿದ್ದರು. ಈ ಮನೆಯವರಂತೂ ಏನನ್ನೂ ನಿರಾಕರಿಸಿರಲಿಲ್ಲ. ದೂರು ಕೊಡುವೆಯಾ ಎಂದು ಕೇಳಿದೆ, ಓದು ಮುಗಿಯಲಿ ಎಂದಳು. ದೂರು ಕೊಡುವವಳು ಅವಳೇ ಆದ ಮೇಲೆ ಯಾವಾಗ ಎಂಬುದನ್ನು ನಿರ್ಧರಿಸಬೇಕಾದವಳೂ ಅವಳೇ.

ಮುಂದೆ ನಡೆದದ್ದು ಚಿಕ್ಕದು. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಂತು. ‘ಯಾವ ಹಾಸ್ಟೆಲು ಅಂತ ಆಂಟಿ ಕೇಳಿದ್ರ?’ ಎಂದು ಮತ್ತೆ ಹಿಂಜರಿದಳು, ಏಕೆಂದರೆ ಇಲಾಖೆಯ ಹೆಸರು ಹೇಳಿದರೆ ಎಲ್ಲವನ್ನೂ ಹೇಳಿದಂತೆ. ‘ಸರ್ಕಾರಿ ಹಾಸ್ಟೆಲ್, ಖರ್ಚು ಉಳಿಯುತ್ತದೆ ಎನ್ನು, ಎರಡೂ ನಿಜ’ ಎಂದೆ. ಬಿಟ್ಟು ಹೋಗುವಾಗ ಒಡತಿ ಕುಂಕುಮ ಹಚ್ಚಿ, ಕುಪ್ಪಸದ ಕಣ ಕೊಟ್ಟು ಕಳಿಸಿದರು. ನೋಡಿ, ಹೇಳಿದ್ದರೆ ಒಪ್ಪುತ್ತಿದ್ದರು ಎಂದು ಮೊದಲ ಸಹೋದ್ಯೋಗಿ ಈಗಲೂ ವಾದಿಸುತ್ತಾರೆ. ತಮ್ಮ ಪೈಕಿಯವಳೆಂದು ನಂಬಿ ಕೊಟ್ಟ ಕಣದಿಂದ ಅದು ಹೇಗೆ ತಿಳಿಯುತ್ತದೆಯೋ ನನಗೆ ಕಾಣದು. ತಾಯಿ ಈಗ ನೇರ ಹಾಸ್ಟೆಲಿಗೇ ಬರುತ್ತಾಳೆ, ಮಗಳ ಮಂಚದ ಮೇಲೆ ಕುಳಿತು ಪಕ್ಕದ ಹುಡುಗಿಯರಿಗೂ ರೊಟ್ಟಿ ಹಂಚುತ್ತಾಳೆ. ನಿದ್ದೆಗೆ ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ಆಂಟಿ ಆಗೀಗ ಫೋನ್ ಮಾಡುತ್ತಾರೆ, ಎತ್ತಲೋ ಬೇಡವೋ ಎಂದು ಕೇಳಿದಳು. ಎತ್ತು ಎಂದೆ, ಆ ಪ್ರಶ್ನೆ ಮತ್ತೆ ಬಂದರೆ ನಿಜ ಹೇಳಲು ಈಗ ಅವಳಿಗೆ ಯಾವ ಅಡ್ಡಿಯೂ ಇಲ್ಲ.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ ಇದೆ. ಹಾಜರಾತಿ ಕಡಿಮೆಯಾದ ವಿದ್ಯಾರ್ಥಿಯನ್ನು ಆಪ್ತಸಲಹೆಗೆ ಕಳಿಸುವ ಮುನ್ನ ಎಲ್ಲಿ ಇಳಿದುಕೊಂಡಿದ್ದಾರೆ, ಅಲ್ಲಿಗೆ ಮನೆಯವರು ಬಂದು ಹೋಗುತ್ತಾರೆಯೇ ಎಂದು ಕೇಳಿ. ಉತ್ತರ ತಡವರಿಸಿದರೆ ಒತ್ತಾಯಿಸಿ ಕೇಳಬೇಡಿ, ಜಾತಿಯನ್ನಂತೂ ಕೇಳಲೇಬೇಡಿ; ಬೇರೆ ಕೋಣೆ ನೋಡೋಣವೇ ಎಂದಷ್ಟೇ ಕೇಳಿ. ರಾತ್ರಿಯ ಹೊತ್ತು ಸಂಕಟ ತಡೆಯಲಾರದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲಿಯೇ ಮಾತನಾಡಬಹುದು, ಕರೆ ಉಚಿತ. ವಿಶ್ವವಿದ್ಯಾಲಯಗಳು ಹಾಸ್ಟೆಲ್ ಪಟ್ಟಿ ಬರುವ ತನಕದ ಕೆಲವು ವಾರಗಳಿಗೆ ಹೊಸಬರಿಗೊಂದು ತಾತ್ಕಾಲಿಕ ತಂಗುವ ವ್ಯವಸ್ಥೆ ಮಾಡಿದರೆ ಇಂಥ ಪ್ರಕರಣಗಳಲ್ಲಿ ಎಷ್ಟೋ ನನ್ನ ಬಳಿಗೆ ಬರುವ ಅಗತ್ಯವೇ ಬೀಳದು. ಅದಾಗುವವರೆಗೆ ಕಾಯದೆ ಒಂದು ವಿಭಾಗದವರು ಹಿರಿಯ ವಿದ್ಯಾರ್ಥಿಗಳಿಂದ ಮನೆಗಳ ಪಟ್ಟಿಯೊಂದನ್ನು ಮಾಡಿಸಿದ್ದಾರೆ: ಬಾಡಿಗೆ ಎಷ್ಟು, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಅಡ್ವಾನ್ಸು ತಕರಾರಿಲ್ಲದೆ ಹಿಂದಕ್ಕೆ ಕೊಡುತ್ತಾರೆಯೇ, ಮತ್ತು ಕೊನೆಯ ಕಾಲಮಿನಲ್ಲಿ, ಊರು ಹೆಸರು ಬಿಟ್ಟು ಬೇರೆ ಏನನ್ನಾದರೂ ಕೇಳುತ್ತಾರೆಯೇ.