ನಾಲ್ಕು ವಾರದ ಬೇಸಿಗೆ ಶಿಬಿರದಲ್ಲಿ ಪೋರ್ಟ್‌ಫೋಲಿಯೊ ತಯಾರಾಗುತ್ತದೆಯೇ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೆಲ್ಲ ಒಂದೇ. ಡಿಸೈನ್, ಆನಿಮೇಷನ್, ಗೇಮ್, ಫೋಟೊಗ್ರಫಿ ಓದಬೇಕೆಂದಿರುವ ಮಕ್ಕಳು, ಅವರಿಗಿಂತ ಹೆಚ್ಚು ಆತಂಕದಲ್ಲಿರುವ ಅಪ್ಪ ಅಮ್ಮಂದಿರು ಅವೇ ಪ್ರಶ್ನೆಗಳನ್ನು ತಿರುಗಿಸಿ ತಿರುಗಿಸಿ ಕೇಳುತ್ತಾರೆ. ಹಾಗಾಗಿ ಈ ಸಲ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ. ಪೋರ್ಟ್‌ಫೋಲಿಯೊ ಎಂದರೆ ಪ್ರವೇಶದ ಅರ್ಜಿಯ ಜೊತೆ ಕಳಿಸುವ, ತಾನೇ ಮಾಡಿದ ಕೆಲಸಗಳ ಸಂಗ್ರಹ; ಅದಕ್ಕಿಂತ ಹೆಚ್ಚಿನ ವಿವರಕ್ಕೆ, ಅರ್ಜಿ ಎಲ್ಲಿ ಸಿಗುತ್ತದೆ ಎಂಬುದಕ್ಕೆಲ್ಲ ಇಲ್ಲಿ ಜಾಗ ಕೊಡುವುದಿಲ್ಲ.

ಪ್ರಶ್ನೆ: ಮಗಳಿಗೆ 17 ವರ್ಷ. ನಾಲ್ಕು ವಾರಗಳ ತೀವ್ರ ಬೇಸಿಗೆ ಶಿಬಿರಕ್ಕೆ ಸೇರಿಸುತ್ತಿದ್ದೇವೆ. ಕೈಯಲ್ಲೇ ಚಿತ್ರ ಬರೆದು ಮಾಡಿದ ಐದು ನಿಮಿಷದ ಆನಿಮೇಷನ್ ಚಿತ್ರ, ಹತ್ತು ಪೇಂಟಿಂಗ್, ಒಂದು ಪ್ರಾಡಕ್ಟ್ ಡಿಸೈನ್ ಇಷ್ಟನ್ನು ಮಾಡಿ ಮುಗಿಸಬೇಕೆಂಬ ಆಸೆ ಅವಳದು. ಶಿಬಿರದಿಂದ ಬರುವಾಗ ಪೋರ್ಟ್‌ಫೋಲಿಯೊ ಪೂರ್ತಿ ಸಿದ್ಧವಾಗಿರಬೇಕು. ಸಾಧ್ಯವೇ?

ಉತ್ತರ: ಸಾಧ್ಯವಿಲ್ಲ. ಸಾಧ್ಯ ಎನ್ನುವ ಶಿಬಿರಕ್ಕೆ ಮಗಳನ್ನು ಕಳಿಸಬೇಡಿ.

ಆನಿಮೇಷನ್ ಒಂದನ್ನೇ ಲೆಕ್ಕ ಹಾಕೋಣ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬರೆಯುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಐದು ನಿಮಿಷಕ್ಕೆ 3,600 ಚಿತ್ರ. ನಾಲ್ಕು ವಾರದಲ್ಲಿ ಮೊದಲ ವಾರ ಕಥೆಗೆ, ದೃಶ್ಯಗಳನ್ನು ಸಾಲಾಗಿ ಬರೆದಿಡುವ ಸ್ಟೋರಿಬೋರ್ಡ್‌ಗೆ ಹೋಗುತ್ತದೆ. ಕೊನೆಯ ವಾರ ಧ್ವನಿ, ಎಡಿಟಿಂಗ್, ಪ್ರದರ್ಶನದ ತಯಾರಿಗೆ ಬೇಕು. ಬರೆಯಲು ಉಳಿಯುವುದು ಹೆಚ್ಚೆಂದರೆ 12 ದಿನ. ದಿನಕ್ಕೆ 300 ಚಿತ್ರ! ನುರಿತ ಕೈಗೂ ಇದು ಆಗದ ಮಾತು. ಅದೇ 30 ಸೆಕೆಂಡಿನ ಚಿತ್ರವಾದರೆ 360 ಚಿತ್ರ, ದಿನಕ್ಕೆ 30. ಇದನ್ನು ನಿಮ್ಮ ಮಗಳು ಮಾಡಬಲ್ಲಳು. ಮಧ್ಯದಲ್ಲಿ ಒಂದು ದೃಶ್ಯ ಕೆಟ್ಟರೆ ಹರಿದು ಹಾಕಿ ಮತ್ತೆ ಬರೆಯಲೂ ಸಮಯ ಸಿಗುತ್ತದೆ. ಆ ಹರಿದು ಹಾಕುವ ಅವಕಾಶ ಇಲ್ಲದ ಶಿಬಿರದಲ್ಲಿ ಯಾರೂ ಏನೂ ಕಲಿಯುವುದಿಲ್ಲ.

ಇನ್ನು ಪೇಂಟಿಂಗ್ ಮತ್ತು ಪ್ರಾಡಕ್ಟ್ ಡಿಸೈನ್ ಮಾತನ್ನೇ ಬಿಡಿ. ನಾಲ್ಕು ವಾರಕ್ಕೆ ಒಂದೇ ಪ್ರಾಜೆಕ್ಟ್, ಅದೂ ಚಿಕ್ಕದು, ಆದರೆ ಕೊನೆಮುಟ್ಟಿದ್ದು. ಜೊತೆಗೆ ತುಂಬಿದ ಒಂದು ಸ್ಕೆಚ್‌ಬುಕ್. ಇಷ್ಟು ಹಿಡಿದುಕೊಂಡು ಬಂದರೆ ಶಿಬಿರ ಸಾರ್ಥಕ.

ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಅರ್ಜಿಯ ಜೊತೆ 12ರಿಂದ 20 ಕೃತಿಗಳನ್ನು ಕೇಳುತ್ತದೆ. ಈ ಸಂಖ್ಯೆ ನೋಡಿ ಪೋಷಕರು ಗಾಬರಿ ಬೀಳುತ್ತಾರೆ. ಒಂದೇ ರಜೆಯಲ್ಲಿ ಇಪ್ಪತ್ತನ್ನೂ ಮಾಡಿಸಲು ಹೊರಡುತ್ತಾರೆ. ಅವು ವರ್ಷವಿಡೀ ಮಾಡಿದ್ದರಲ್ಲಿ ಆರಿಸಿ ತೆಗೆಯಬೇಕಾದವು. ಶಿಬಿರದಲ್ಲಿ ಹುಟ್ಟಿದ್ದು ಅದರಲ್ಲಿ ಒಂದೋ ಎರಡೋ ಇದ್ದರೆ ಧಾರಾಳವಾಯಿತು. ಒಂದೇ ತಿಂಗಳಲ್ಲಿ, ಒಂದೇ ಮೇಷ್ಟರ ಕೈಕೆಳಗೆ ಮಾಡಿದ ಇಪ್ಪತ್ತು ಕೃತಿಗಳು ಅಕ್ಕಪಕ್ಕದಲ್ಲಿ ಕೂತವೆಂದರೆ ಇಪ್ಪತ್ತರಲ್ಲೂ ಆ ಮೇಷ್ಟರೇ ಕಾಣುತ್ತಾರೆ. ಆಯ್ಕೆ ಸಮಿತಿಯಲ್ಲಿ ಕೂತವರಿಗೆ ಇದನ್ನು ಗುರುತಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನಾನೂ ಇಂಥ ಆಯ್ಕೆ ಸಮಿತಿಯಲ್ಲಿ ಕೂರುತ್ತೇನೆ; ಅಲ್ಲಿ ನಾವು ಏನು ನೋಡುತ್ತೇವೆ ಎಂಬುದಕ್ಕೆ ಒಂದು ಉದಾಹರಣೆ. ಕಿವಿ ಕೇಳದ ಅಜ್ಜನಿಗಾಗಿ ಒಬ್ಬ ಹುಡುಗಿ ಅಲಾರಾಂ ಮಾಡಿದ್ದಳು. ಹಳೆಯ ಫೋನಿನ ವೈಬ್ರೇಷನ್ ಮೋಟರ್ ಕಿತ್ತು, ಕಾಲುಚೀಲದಲ್ಲಿ ಹಾಕಿ ದಿಂಬಿನ ಕೆಳಗೆ ಇಟ್ಟಿದ್ದು ಮೊದಲ ಪ್ರಯತ್ನ. ದಿಂಬಿನ ಸ್ಪಂಜು ಕಂಪನವನ್ನೆಲ್ಲ ನುಂಗಿತು, ಅಜ್ಜ ಏಳಲಿಲ್ಲ. ಎರಡನೆಯದರಲ್ಲಿ ಮೋಟರನ್ನು ಮರದ ತುಂಡಿಗೆ ಬಿಗಿದು ಮಂಚದ ಚೌಕಟ್ಟಿಗೆ ಕಟ್ಟಿದಳು. ಅಜ್ಜ ಎದ್ದರು, ಪಕ್ಕದಲ್ಲಿ ಮಲಗಿದ್ದ ಅಜ್ಜಿಯೂ ಎದ್ದರು. ಮೂರನೆಯದು ಮಣಿಕಟ್ಟಿನ ಪಟ್ಟಿ. ಅದರ ಕೊಂಡಿಯನ್ನು ಸಂಧಿವಾತದ ಬೆರಳಿಗೆ ಒಂದೇ ಕೈಯಲ್ಲಿ ಹಾಕಿಕೊಳ್ಳಲು ಆಗುತ್ತದೆಯೇ ಎಂದು ಪರೀಕ್ಷಿಸಿದ ಆರು ಬಗೆಯ ಕೊಂಡಿಗಳ ಫೋಟೊ ಇತ್ತು, ಪ್ರತಿಯೊಂದರ ಕೆಳಗೆ ಅಜ್ಜ ಹೇಳಿದ ಮಾತು ಪೆನ್ಸಿಲ್‌ನಲ್ಲಿ. ಕೊನೆಯ ವಸ್ತುವಿನ ಹೊಲಿಗೆ ಸೊಟ್ಟಗಿತ್ತು. ಯಾರೂ ಆ ಹೊಲಿಗೆಯ ಮಾತೆತ್ತಲಿಲ್ಲ. ಕೊಂಡಿಗಳ ಆ ಪುಟದ ಮುಂದೆ ಮಾತ್ರ ಎಲ್ಲರೂ ನಿಂತೆವು. ಸ್ಪಂಜಿನಲ್ಲಿ ಕಂಪನ ಸತ್ತದ್ದನ್ನು ಅವಳು ಮುಚ್ಚಿಟ್ಟಿದ್ದರೆ ಆ ಪೋರ್ಟ್‌ಫೋಲಿಯೊ ನೂರರಲ್ಲಿ ಒಂದಾಗಿ ಹೋಗುತ್ತಿತ್ತು.

ಶಿಬಿರಕ್ಕೆ ಹೋಗುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಕೆಟ್ಟು ಹೋದದ್ದರ ಫೋಟೊ ಅದೇ ದಿನ ತೆಗೆದಿಡಿ. ಫೈಲಿನ ಹಳೆಯ ಆವೃತ್ತಿಯ ಮೇಲೆ ಹೊಸದನ್ನು ಸೇವ್ ಮಾಡಬೇಡಿ. ದಿನಾಂಕ ಹಾಕಿ. ಮೆಂಟರ್ ಏನು ಹೇಳಿದರು, ನೀವು ಅದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಎಂದು ರಾತ್ರಿ ಮಲಗುವ ಮುಂಚೆ ನಾಲ್ಕು ಸಾಲು ಬರೆಯಿರಿ. ಈ ನಾಲ್ಕು ಸಾಲು ಬರೆಯದವರು ಎರಡು ತಿಂಗಳ ಮೇಲೆ ಪ್ರಾಜೆಕ್ಟ್ ವಿವರಣೆ ಬರೆಯಲು ಕೂತಾಗ ಏನೂ ನೆನಪಿಲ್ಲದೆ, ಚಿಕ್ಕಂದಿನಿಂದಲೂ ಕಲೆಯಲ್ಲಿ ಆಸಕ್ತಿ ಎಂಬ ಸವಕಲು ವಾಕ್ಯಕ್ಕೆ ಬರುತ್ತಾರೆ. ಅದನ್ನು ಓದಿ ಓದಿ ನಮಗೆ ಸಾಕಾಗಿದೆ.

ಶಿಬಿರ ಮುಗಿಯುವ ದಿನಕ್ಕೇ ಕೆಲಸವೂ ಮುಗಿಯಬೇಕೆಂಬ ಹಟವನ್ನೂ ಬಿಡಿ. ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿನ 1948ರ ಬೇಸಿಗೆ ಅಧಿವೇಶನ ಕಲಾ ಶಿಕ್ಷಣದ ಚರಿತ್ರೆಯಲ್ಲಿ ದೊಡ್ಡ ಹೆಸರು. ಆ ಬೇಸಿಗೆ ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲರ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಿಟಕಿ ಪರದೆಯ ತೆಳು ಪಟ್ಟಿಗಳಿಂದ ದೊಡ್ಡ ಗುಮ್ಮಟ ಎತ್ತಲು ಹೋದರು. ಅದು ಮೇಲೇಳಲೇ ಇಲ್ಲ, ನೆಲದ ಮೇಲೆ ಹಾಗೇ ಮಲಗಿತು. ಮರುವರ್ಷ ಅದೇ ಜಾಗದಲ್ಲಿ ಚಿಕ್ಕ ಗುಮ್ಮಟ ನಿಂತಿತು. 1948ರ ಆ ಗುಂಪಿನಲ್ಲಿ ಕೆನೆತ್ ಸ್ನೆಲ್ಸನ್ ಎಂಬ 21ರ ಹುಡುಗನಿದ್ದ. ಬೇಸಿಗೆ ಮುಗಿಸಿ ಮನೆಗೆ ಹೋದ ಮೇಲೆ, ಚಳಿಗಾಲದಲ್ಲಿ, ಒಂದನ್ನೊಂದು ಮುಟ್ಟದ ಮರದ ತುಂಡುಗಳು ಎಳೆದು ಕಟ್ಟಿದ ದಾರದ ಬಲದಿಂದಲೇ ನಿಲ್ಲುವ ಸಣ್ಣ ಶಿಲ್ಪ ಮಾಡಿದ. 1949ರ ಬೇಸಿಗೆಗೆ ಅದನ್ನು ಫುಲರ್ ಅವರಿಗೆ ತಂದು ತೋರಿಸಿದ. ಇವತ್ತು ಟೆನ್ಸೆಗ್ರಿಟಿ ಎಂದು ಎಂಜಿನಿಯರುಗಳೂ ಕಲಾವಿದರೂ ಬಳಸುವ ತತ್ತ್ವದ ಬೇರು ಅಲ್ಲಿದೆ. 1968ರಲ್ಲಿ ಅದೇ ತತ್ತ್ವದ ಮೇಲೆ ಸುಮಾರು 18 ಮೀಟರ್ ಎತ್ತರದ ‘ನೀಡಲ್ ಟವರ್’ ನಿಲ್ಲಿಸಿದ್ದೂ ಇದೇ ಸ್ನೆಲ್ಸನ್. ಬೇಸಿಗೆಯ ಕೊನೆಯ ದಿನ ಈ ಹುಡುಗ ಏನು ಮುಗಿಸಿದ ಎಂದು ಎಣಿಸಲು ಕೂತಿದ್ದರೆ ಈ ಶಿಲ್ಪ ಲೆಕ್ಕಕ್ಕೇ ಬರುತ್ತಿರಲಿಲ್ಲ. ನಿಮ್ಮ ಮಗಳು ಶಿಬಿರದಿಂದ ಬಂದ ಮೇಲೆ ಒಂದು ತಿಂಗಳು ಬೇರೆ ಕೋಚಿಂಗ್ ಹಚ್ಚದೆ ಬಿಡಿ. ಅಲ್ಲಿ ಅರ್ಧಕ್ಕೆ ಬಿಟ್ಟದ್ದನ್ನು ಅವಳು ಮನೆಯಲ್ಲಿ ಮತ್ತೆ ಕೈಗೆತ್ತಿಕೊಳ್ಳುತ್ತಾಳೋ ಇಲ್ಲವೋ ನೋಡಿ. ಎತ್ತಿಕೊಳ್ಳದಿದ್ದರೆ ಈ ಓದು ಅವಳಿಗೆ ಬೇಕೇ ಎಂದು ಅವಳನ್ನೇ ಕೂರಿಸಿ ಕೇಳುವ ಸಮಯ ಅದು.

ಪ್ರಶ್ನೆ: ಶಿಬಿರದ ಸರ್ಟಿಫಿಕೇಟ್ ಇದ್ದರೆ ಪ್ರವೇಶ ಸುಲಭವೇ?

ಉತ್ತರ: ಇಲ್ಲ. ಕೆಲಸ ನೋಡುತ್ತೇವೆ, ಸರ್ಟಿಫಿಕೇಟ್ ನೋಡುವುದಿಲ್ಲ.

ಪ್ರಶ್ನೆ: ಯಾವ ಲ್ಯಾಪ್‌ಟಾಪ್, ಯಾವ ಡ್ರಾಯಿಂಗ್ ಟ್ಯಾಬ್ಲೆಟ್ ಕೊಳ್ಳಬೇಕು?

ಉತ್ತರ: ಶಿಬಿರದವರು ಇದೇ ಬೇಕೆಂದು ಹೇಳದಿದ್ದರೆ ಯಾವುದನ್ನೂ ಕೊಳ್ಳಬೇಡಿ. ಪೆನ್ಸಿಲ್ ಹಿಡಿಸಿ.

ಪ್ರಶ್ನೆ: ಒಂದು ಸಂಸ್ಥೆಯವರು ‘ಪೋರ್ಟ್‌ಫೋಲಿಯೊ ಗ್ಯಾರಂಟಿ’ ಎನ್ನುತ್ತಿದ್ದಾರೆ. ಹಿಂದೆ ಆಯ್ಕೆಯಾದವರ ಮಾದರಿ ತೋರಿಸಿ, ಮಗನಿಗೂ ಹಾಗೇ ಮಾಡಿಸುತ್ತೇವೆ, ‘ಫಿನಿಶಿಂಗ್’ ನಮ್ಮ ಆರ್ಟಿಸ್ಟ್‌ಗಳೇ ಕೊಡುತ್ತಾರೆ ಎಂದರು. ನಂಬಬಹುದೇ?

ಉತ್ತರ: ಇದಕ್ಕೆ ಮೋಸ ಎಂದು ಹೆಸರು. ನಿಮ್ಮ ಮಗನ ಹೆಸರಿನಲ್ಲಿ ಬೇರೆಯವರು ಬರೆದ ಚಿತ್ರ ಕಳಿಸುವುದಕ್ಕೆ ನೀವು ದುಡ್ಡು ಕೊಡುತ್ತಿದ್ದೀರಿ. ಇಂಥವರ ಮೇಲೆ ನನಗಿರುವ ಸಿಟ್ಟು ಸಣ್ಣದಲ್ಲ, ಏಕೆಂದರೆ ಕೊನೆಗೆ ಪೆಟ್ಟು ತಿನ್ನುವುದು ಮಗು. ಸಂದರ್ಶನದಲ್ಲಿ ನಾವು ಒಂದು ಖಾಲಿ ಹಾಳೆ ಮುಂದಿಟ್ಟು, ಈ ಮೂರನೆಯ ಚಿತ್ರದಲ್ಲಿರುವ ಕೈಯನ್ನು ಇನ್ನೊಂದು ಕೋನದಿಂದ ಬರೆದು ತೋರಿಸು ಎನ್ನುತ್ತೇವೆ. ತಾನೇ ಬರೆದ ಮಗು ತಪ್ಪೋ ಸರಿಯೋ ಬರೆಯಲು ಶುರು ಮಾಡುತ್ತದೆ. ಬರೆಸಿಕೊಂಡು ಬಂದ ಮಗುವಿನ ಮುಖ ಬಿಳಚಿಕೊಳ್ಳುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆ ಹೊತ್ತಿಗೆ ‘ಫಿನಿಶಿಂಗ್’ ಕೊಟ್ಟವರು ಮುಂದಿನ ಬ್ಯಾಚಿನ ದುಡ್ಡು ಎಣಿಸುತ್ತಿರುತ್ತಾರೆ.

ಹಿಂದೆ ಆಯ್ಕೆಯಾದವರ ಮಾದರಿಯ ವಿಚಾರವನ್ನೂ ಹೇಳಿಬಿಡುತ್ತೇನೆ. ಒಂದೇ ಸಂಸ್ಥೆಯಿಂದ ಬಂದ ಅರ್ಜಿಗಳಲ್ಲಿ ಅದೇ ಮಳೆ, ಅದೇ ಒಡೆದ ಕನ್ನಡಿ, ಅದೇ ಪಂಜರದ ಹಕ್ಕಿ ಸಾಲಾಗಿ ಬರುತ್ತವೆ. ಆ ಹಕ್ಕಿಯನ್ನು ನಾನು ಇನ್ನು ನೋಡಲಾರೆ.

ಪ್ರಶ್ನೆ: ಎಐ ಬಳಸಿ ಚಿತ್ರ ಮಾಡಿ ಪೋರ್ಟ್‌ಫೋಲಿಯೊದಲ್ಲಿ ಸೇರಿಸಬಹುದೇ? ಈಗ ಎಲ್ಲರೂ ಬಳಸುತ್ತಾರಲ್ಲ?

ಉತ್ತರ: ನೀವು ಸೇರಬೇಕೆಂದಿರುವ ಕಾಲೇಜಿನ ನಿಯಮ ಮೊದಲು ಓದಿ, ಅದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಬಳಸಲು ಅವಕಾಶ ಇದ್ದು ನೀವು ಬಳಸಿದ್ದರೆ, ಎಲ್ಲಿ ಎಷ್ಟು ಬಳಸಿದಿರಿ ಎಂದು ಸ್ಪಷ್ಟವಾಗಿ ಬರೆಯಿರಿ. ಮುಚ್ಚಿಟ್ಟರೆ ಉಳಿದ ಪ್ರಾಮಾಣಿಕ ಪುಟಗಳ ಮೇಲೂ ಅನುಮಾನ ಬರುತ್ತದೆ. ನನ್ನ ಸ್ವಂತ ಸಲಹೆ ಕೇಳಿದರೆ, 17ನೇ ವಯಸ್ಸಿನಲ್ಲಿ ಬೇಡ. ಇನ್ನೂ ನೋಡಲು ಕಲಿಯುತ್ತಿರುವ ಕಣ್ಣಿಗೆ ಸಿದ್ಧ ಚಿತ್ರ ತೋರಿಸಿದರೆ ಅದು ಹುಡುಕುವುದನ್ನೇ ನಿಲ್ಲಿಸುತ್ತದೆ. ಇದು ಅತಿ ಎಚ್ಚರಿಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಆದರೂ ನನ್ನ ಮಾತು ಬದಲಾಗುವುದಿಲ್ಲ.

ಪ್ರಶ್ನೆ: ನನಗೆ ಡ್ರಾಯಿಂಗ್ ಚೆನ್ನಾಗಿ ಬರುವುದಿಲ್ಲ. ಶಿಬಿರಕ್ಕೆ ಹೋಗಲೇ?

ಉತ್ತರ: ಹೋಗು. ಡ್ರಾಯಿಂಗ್ ಬರುವವರಿಗಷ್ಟೇ ಶಿಬಿರ ಎಂದು ಯಾರು ಹೇಳಿದರು? 1919ರಲ್ಲಿ ಜರ್ಮನಿಯಲ್ಲಿ ಶುರುವಾದ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ ಕಲಾವಿದ ಯೊಹಾನೆಸ್ ಇಟೆನ್ ರೂಪಿಸಿದ ಆರಂಭಿಕ ಕೋರ್ಸು ಆರು ತಿಂಗಳಿನದು. ಡ್ರಾಯಿಂಗ್ ಒಂದೇ ಅಲ್ಲ, ಮರ, ಗಾಜು, ಬಟ್ಟೆ, ಲೋಹವನ್ನು ಮುಟ್ಟಿ, ಜೋಡಿಸಿ, ಅವುಗಳ ಸ್ವಭಾವ ಅರಿಯುವುದು ಅಲ್ಲಿನ ದೊಡ್ಡ ಪಾಠವಾಗಿತ್ತು. ಹೋಗುವ ಮುಂಚೆ ದಿನಕ್ಕೆ ಅರ್ಧ ಗಂಟೆ ನಿನ್ನದೇ ಎಡಗೈ ನೋಡಿ ಬರೆ. ಫೋಟೊ ನೋಡಿ ಬರೆಯಬೇಡ.

ಪ್ರಶ್ನೆ: ಒಳ್ಳೆಯ ಶಿಬಿರವನ್ನು ಗುರುತಿಸುವುದು ಹೇಗೆ?

ಉತ್ತರ: ಫೋನ್ ಮಾಡಿ, ಒಬ್ಬ ಮೆಂಟರ್‌ಗೆ ಎಷ್ಟು ಮಕ್ಕಳು ಎಂದು ಕೇಳಿ. ಹದಿನೈದು ದಾಟಿದರೆ ನಾನಾದರೆ ಕಳಿಸುವುದಿಲ್ಲ. ಕೆಲಸವನ್ನು ಗೋಡೆಗೆ ಅಂಟಿಸಿ ಎಲ್ಲರೂ ಒಟ್ಟಿಗೆ ಕೂತು ವಿಮರ್ಶಿಸುವ ಕ್ರಿಟ್ ವಾರಕ್ಕೆ ಎಷ್ಟು ಸಲ ಎಂದು ಕೇಳಿ; ಕೊನೆಯ ದಿನ ಒಂದೇ ಸಲ ಎಂದರೆ ಅದು ಕ್ರಿಟ್ ಅಲ್ಲ, ಸಮಾರಂಭ. ಮುಗಿಯದ ಒಂದು ಪ್ರಾಜೆಕ್ಟ್ ತೋರಿಸಿ ಎನ್ನಿ. ಥಳಥಳಿಸುವ ಕೊನೆಯ ಚಿತ್ರಗಳನ್ನು ಎಲ್ಲರೂ ತೋರಿಸುತ್ತಾರೆ, ಒಳ್ಳೆಯ ಮೇಷ್ಟರು ಮಾತ್ರ ಮಕ್ಕಳ ಒದ್ದಾಟವನ್ನೂ ಸಂತೋಷದಿಂದ ತೋರಿಸುತ್ತಾರೆ. ಕೊನೆಯದಾಗಿ, ಮಕ್ಕಳು ಎಷ್ಟು ಗಂಟೆಗೆ ಮಲಗುತ್ತಾರೆ ಎಂದು ಕೇಳಿ. ಪ್ರದರ್ಶನದ ಹಿಂದಿನ ದಿನ ತಡವಾಗುವುದು ಸಹಜ. ಆದರೆ ನಾಲ್ಕು ವಾರವೂ ನಿದ್ದೆಗೆಡಿಸುವುದನ್ನು ಕಠಿಣ ತರಬೇತಿ ಎಂದು ಹೆಮ್ಮೆಯಿಂದ ಹೇಳುವವರು ಶಿಕ್ಷಕರಾಗಲು ಲಾಯಕ್ಕಿಲ್ಲ. ನಿದ್ದೆಗೆಟ್ಟ ಮಗುವಿನ ಕೈಯಲ್ಲಿ ಕಟ್ಟರ್ ಕೊಡುವುದು ಅಪಾಯ ಕೂಡ.

ಪ್ರಶ್ನೆ: ಶಿಬಿರದಲ್ಲಿ ಐದು ಜನ ಸೇರಿ ಒಂದು ಗೇಮ್ ಮಾಡಿದೆವು. ನನ್ನ ಪೋರ್ಟ್‌ಫೋಲಿಯೊದಲ್ಲಿ ಹಾಕಿಕೊಳ್ಳಬಹುದೇ?

ಉತ್ತರ: ಖಂಡಿತ ಹಾಕು. ಐವರ ಹೆಸರೂ ಬರೆ, ನೀನು ಮಾಡಿದ್ದು ಯಾವುದು ಎಂದು ಒಂದೇ ವಾಕ್ಯದಲ್ಲಿ ಬರೆ. ಎರಡನೇ ಹಂತದ ಹಿನ್ನೆಲೆ ಚಿತ್ರ ಮತ್ತು ಬಾಗಿಲಿನ ಸದ್ದು ಮಾತ್ರ ನಿನ್ನದಾಗಿದ್ದರೆ ಹಾಗೆಂದೇ ಬರೆ. ಆ ಬಾಗಿಲಿನ ಸದ್ದನ್ನು ಹೇಗೆ ಮಾಡಿದೆ ಎಂದು ಸಂದರ್ಶನದಲ್ಲಿ ನಾವು ಕೇಳಿಯೇ ಕೇಳುತ್ತೇವೆ, ರೆಕಾರ್ಡ್ ಮಾಡಿದ ಮೂಲ ಫೈಲ್ ಇಟ್ಟುಕೊಂಡಿರು.