ಚಳಿಯ ಸಲಕರಣೆಗಳನ್ನು ಕುಳಿತು ಪರೀಕ್ಷಿಸಿ

ಹೊಸದಾಗಿ ಕೊಂಡ ತುರ್ತು ಹೊದಿಕೆ, ಲೈಟರ್ ಮತ್ತು ಪುಟ್ಟ ಗ್ಯಾಸ್ ಒಲೆಯನ್ನು ಚಳಿಗಾಲದ ಒಂದು ದಿನದ ಚಾರಣದಲ್ಲಿ ಪರೀಕ್ಷಿಸುವುದು ಹೇಗೆಂದು ಕೇಳಿದ್ದೀರಿ. ನಡೆಯುತ್ತಿರುವಷ್ಟು ಹೊತ್ತು ದೇಹವೇ ಶಾಖ ಹುಟ್ಟಿಸುವುದರಿಂದ ಹೊದಿಕೆಯ ಯೋಗ್ಯತೆ ತಿಳಿಯುವುದಿಲ್ಲ. ಆದ್ದರಿಂದ ವಾಹನ ನಿಲ್ಲಿಸಿದ ಜಾಗಕ್ಕೆ ಸಮೀಪದಲ್ಲೇ, ಜೊತೆಗೊಬ್ಬರನ್ನು ಇರಿಸಿಕೊಂಡು, ಅರ್ಧ ಗಂಟೆ ಅಲುಗಾಡದೆ ಕುಳಿತು ನೋಡಿ. ಹೊಳೆಯುವ ತೆಳು ಹೊದಿಕೆಯು ಮೈಯಿಂದ ಹೊಮ್ಮುವ ವಿಕಿರಣ ಶಾಖವನ್ನು ಮರಳಿಸುತ್ತದೆಯೇ ಹೊರತು ನೆಲಕ್ಕೆ ಇಳಿದುಹೋಗುವ ಶಾಖವನ್ನು ತಡೆಯದು. ಮೊದಲ ಸಲ ನಾನು ಅದೊಂದನ್ನೇ ನಂಬಿ ಹಿಮದ ಮೇಲೆ ಕುಳಿತಾಗ ಹತ್ತೇ ನಿಮಿಷದಲ್ಲಿ ಕೆಳಗಿನಿಂದ ಚಳಿ ಏರತೊಡಗಿತು, ಹೊದಿಕೆಯ ಒಳಮೈಯಲ್ಲಿ ತೇವ ಹನಿಗಟ್ಟಿ ಅಂಗಿಯ ತೋಳು ಒದ್ದೆಯಾಯಿತು. ಅಂದಿನಿಂದ ಫೋಮ್ ಚಾಪೆಯ ತುಂಡೊಂದು ನನ್ನ ಚೀಲದಲ್ಲಿ ಖಾಯಂ ಆಗಿದೆ.

ಲೈಟರನ್ನು ಕೈಗವಸು ತೆಗೆಯದೆ ಹೊತ್ತಿಸಲು ಯತ್ನಿಸಿ (ಸೋತರೆ ಬೇಸರ ಬೇಡ, ತಿಳಿಯಬೇಕಾದದ್ದೇ ಅದು). ಲೈಟರಿನಲ್ಲಿ ಇಂಧನವಾಗಿರುವ ಬ್ಯೂಟೇನ್ ಅನಿಲದ ಕುದಿಬಿಂದು ಸುಮಾರು −0.5 ಡಿಗ್ರಿ ಸೆಲ್ಸಿಯಸ್ ಆಗಿರುವುದರಿಂದ ಅದಕ್ಕಿಂತ ಹೆಚ್ಚಿನ ಚಳಿಯಲ್ಲಿ ಸಾಕಷ್ಟು ಒತ್ತಡ ಹುಟ್ಟದು. ಲೈಟರ್ ಒಳಜೇಬಿನಲ್ಲಿರಲಿ, ಒಲೆಗೆ −42 ಡಿಗ್ರಿಯಲ್ಲಿ ಕುದಿಯುವ ಪ್ರೊಪೇನ್ ಬೆರೆತ ಡಬ್ಬಿಯನ್ನೇ ಆರಿಸಿ.

ಈಗಾಗಲೇ ನಂಬಿಕೆಗೆ ಅರ್ಹವಾದ ದಪ್ಪ ಜಾಕೆಟ್ಟೊಂದನ್ನು ಬಳಸದೆ ಚೀಲದಲ್ಲಿ ಒಣದಾಗಿ ಇಟ್ಟುಕೊಂಡಿರಿ. ನಡುಕ ಹತೋಟಿಗೆ ಬಾರದಿದ್ದರೆ ಅಥವಾ ಮಾತು ತೊದಲಿದರೆ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು, ಅದನ್ನು ತೊಟ್ಟು, ಜೊತೆಗಾರರೊಂದಿಗೆ ತಕ್ಷಣ ವಾಹನಕ್ಕೆ ಮರಳಿ.