ಹತ್ತತ್ತು ರೂಪಾಯಿ ಏರಿಸುವ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ, ಅಂದರೆ ದುಡ್ಡು ಕಟ್ಟಿ ಆಡುವ ಜೂಜಿನ ಸುತ್ತ ಇದ್ದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಫೋನಿನಲ್ಲಿ ರೂಲೆಟ್ (ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಗೆ ಬೀಳುತ್ತದೆ ಎಂದು ಪಂದ್ಯ ಕಟ್ಟುವ ಆಟ) ಆಡುತ್ತೇನೆ, ಕೆಂಪು ಇಲ್ಲವೇ ಕಪ್ಪಿನ ಮೇಲೆ ಮಾತ್ರ. ಸೋತಾಗಲೆಲ್ಲ ಡಬಲ್ ಕಟ್ಟುವ ಹುಚ್ಚಾಟ ನನ್ನದಲ್ಲ. 10 ರೂಪಾಯಿಯಿಂದ ಶುರು ಮಾಡುತ್ತೇನೆ. ಸೋತರೆ 10 ಏರಿಸುತ್ತೇನೆ, ಗೆದ್ದರೆ 10 ಇಳಿಸುತ್ತೇನೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ಹಾಳೆಯ ಫೋಟೊ ಕಳಿಸಿದ್ದೇನೆ. ಎರಡು ತಿಂಗಳಿಂದ ಹೆಚ್ಚಿನ ದಿನ ಲಾಭವೇ ಇದೆ. ಇಷ್ಟು ಹುಷಾರಾಗಿ ಆಡಿದರೆ ತೊಂದರೆ ಇಲ್ಲ ಅಲ್ವಾ? (ಹೆಸರು ಬೇಡ, ದಾವಣಗೆರೆ)

ಉತ್ತರ: ಹಾಳೆ ನೋಡಿದೆ. ಗೆಲುವು ನೀಲಿ ಪೆನ್ನಿನಲ್ಲಿ, ಸೋಲು ಕೆಂಪಿನಲ್ಲಿ, ಅಂಚಿನಲ್ಲಿ ದಿನದ ಮೊತ್ತ. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವವರು ಕಡಿಮೆ. ಹಾಗಾಗಿ ಬುದ್ಧಿವಾದ ಬದಿಗಿಟ್ಟು ನಿಮ್ಮ ಲೆಕ್ಕದ ಒಳಗೇ ಹೋಗೋಣ.

ಮೂರನೇ ಸಾಲು ತೆಗೆದುಕೊಳ್ಳಿ. ಸೋಲು 10, ಸೋಲು 20, ಗೆಲುವು 30, ಗೆಲುವು 20. ಎರಡು ಸೋಲು, ಎರಡು ಗೆಲುವು, ಆದರೂ ಕೈಯಲ್ಲಿ 20 ರೂಪಾಯಿ ಉಳಿದಿದೆ. ಈ ಪದ್ಧತಿಯ ಮೋಹ ಇರುವುದೇ ಇಲ್ಲಿ. ಸೋಲು ಗೆಲುವು ಸಮ ಬಂದರೂ ಲಾಭ ಎನ್ನಿಸುತ್ತದೆ. ಈಗ ಅದೇ ನಾಲ್ಕು ಸುತ್ತನ್ನು ತಿರುಗಿಸಿ ಬರೆಯಿರಿ, ಗೆಲುವು ಮೊದಲು, ಸೋಲು ಆಮೇಲೆ. ಗೆಲುವು 10, ಇನ್ನೊಂದು ಗೆಲುವು 10 (10ಕ್ಕಿಂತ ಕೆಳಗೆ ಇಳಿಯಲು ಆಗುವುದಿಲ್ಲವಲ್ಲ), ಆಮೇಲೆ ಸೋಲು 10, ಸೋಲು 20. ಈಗ 10 ರೂಪಾಯಿ ನಷ್ಟ, ಮುಂದಿನ ಪಂದ್ಯ 30 ರೂಪಾಯಿಯದು. ಸೋಲು ಗೆಲುವಿನ ಸಂಖ್ಯೆ ಬದಲಾಗಲೇ ಇಲ್ಲ, ಬದಲಾದದ್ದು ಸರದಿ ಮಾತ್ರ. ಸರದಿ ನಿಮ್ಮ ಕೈಯಲ್ಲಿಲ್ಲ.

ಈ ಪದ್ಧತಿಗೆ ಡಾಲಂಬೇರ್ ಎಂದು ಹೆಸರು. ಡಾಲಂಬೇರ್ 18ನೇ ಶತಮಾನದ ಫ್ರೆಂಚ್ ಗಣಿತಜ್ಞ, ತುಂಬಾ ದೊಡ್ಡ ಹೆಸರು. ಆದರೆ 1754ರಲ್ಲಿ ನಾಣ್ಯ ಚಿಮ್ಮುವುದರ ಬಗ್ಗೆ ಬರೆಯುವಾಗ ಎಡವಿದ. ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಾಧ್ಯತೆ ಮೂರರಲ್ಲಿ ಎರಡು ಎಂದ. ಸರಿಯಾದ ಉತ್ತರ ನಾಲ್ಕರಲ್ಲಿ ಮೂರು. ಅಂಥವನೇ ತಪ್ಪಿದ ಜಾಗ ಇದು. ನೀವೂ ನಾನೂ ಇಲ್ಲಿ ನಿಧಾನವಾಗಿ ಕಾಲಿಡಬೇಕು.

ಇನ್ನು ಚಕ್ರದ ವಿಷಯ. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆ ಇವೆ. 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ನೀವು ಕೆಂಪಿನ ಮೇಲೆ ಕಟ್ಟಿದರೆ ಗೆಲ್ಲುವ ಮನೆ 18, ಸೋಲುವ ಮನೆ 19. ಕೊಡುವಾಗ ಮಾತ್ರ ಒಂದಕ್ಕೊಂದು. ಆ ಒಂದು ಸೊನ್ನೆಯಿಂದ ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಆಟ ನಡೆಸುವವನ ಪಾಲಾಗುತ್ತದೆ. ಎರಡು ಸೊನ್ನೆ ಇರುವ ಅಮೆರಿಕನ್ ಚಕ್ರದಲ್ಲಿ ಇದು 5 ರೂಪಾಯಿ 26 ಪೈಸೆ. ನೀವು ಪಂದ್ಯ ಏರಿಸಿದರೂ ಇಳಿಸಿದರೂ ಸೊನ್ನೆ ಅಲ್ಲೇ ಇರುತ್ತದೆ. ಪ್ರತಿ ಪಂದ್ಯದ ಮೇಲೂ ಅದೇ ದರದ ಕಡಿತ. ಕಳೆಯುವ ದರದಲ್ಲಿ ಎಷ್ಟು ಕೂಡಿಸಿದರೂ ಗಳಿಕೆ ಆಗುವುದಿಲ್ಲ.

ಹಾಗಾದರೆ ಹೆಚ್ಚಿನ ದಿನ ಲಾಭ ಬಂದದ್ದು ಸುಳ್ಳಾ? ಖಂಡಿತ ಅಲ್ಲ. ನೀವು ಬರೆದಿರುವುದು ನಿಜ, ನಾನು ನಂಬುತ್ತೇನೆ. ಸೋಲಿನ ಮೇಲೆ ಏರಿಸುವ ಪದ್ಧತಿಗಳೆಲ್ಲ ಮಾಡುವುದೇ ಇದನ್ನು. ಚಿಕ್ಕ ಚಿಕ್ಕ ಲಾಭದ ದಿನಗಳನ್ನು ಜಾಸ್ತಿ ಮಾಡುತ್ತವೆ, ನಷ್ಟವನ್ನೆಲ್ಲ ಒಟ್ಟು ಸೇರಿಸಿ ಯಾವುದೋ ಒಂದು ದಿನಕ್ಕೆ ತಳ್ಳುತ್ತವೆ. ಆ ದಿನ ಹೇಗಿರುತ್ತದೆ ನೋಡಿ. 100 ಸುತ್ತು ಆಡಿದಿರಿ, 40 ಗೆಲುವು, 60 ಸೋಲು ಬಂತು ಎಂದುಕೊಳ್ಳಿ. ಪ್ರತಿ ಸಲ ಸುಮ್ನೆ 10 ರೂಪಾಯಿ ಕಟ್ಟಿದ್ದರೆ ನಷ್ಟ 200. ನಿಮ್ಮ ಪದ್ಧತಿಯಲ್ಲಿ ಒಂದು ಸೋಲಿಗೆ ಒಂದು ಗೆಲುವು ಜೋಡಿಯಾದಾಗ 10 ರೂಪಾಯಿ ಸಿಗುತ್ತದೆ, ಹಾಗೆ 40 ಜೋಡಿಗೆ 400. ಜೋಡಿ ಸಿಗದ 20 ಸೋಲು ಉಳಿದವು. ಅವು 10, 20, 30 ಎಂದು 200ರವರೆಗೆ ಏರಿದ ಪಂದ್ಯಗಳು, ಕೂಡಿಸಿದರೆ 2,100. ಅಂದರೆ ಕಡಿಮೆಯೆಂದರೂ 1,700 ರೂಪಾಯಿ ನಷ್ಟ. ಇಂಥ ಅಥವಾ ಇದಕ್ಕಿಂತ ಕೆಟ್ಟ 100 ಸುತ್ತು ಅಪರೂಪವೇನಲ್ಲ, ಇಪ್ಪತ್ತು ದಿನಕ್ಕೆ ಸುಮಾರು ಒಂದು ದಿನ ಬರುತ್ತದೆ. ಅವತ್ತು 200 ರೂಪಾಯಿ ಕಟ್ಟುತ್ತಾ ಕೂತವರಿಗೆ ನಾನು 10 ರೂಪಾಯಿಯ ಹುಷಾರಿನ ಆಟಗಾರ ಎಂಬ ನೆನಪು ಉಳಿಯುವುದಿಲ್ಲ. ಏರಿಕೆ ನಿಧಾನವಾಗಿ ಆಗಿರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. ನನಗೆ ಭಯ ಆಗುವುದು ಇದೊಂದು ವಿಷಯಕ್ಕೆ.

ಡಬಲ್ ಕಟ್ಟುವವರನ್ನು ಹುಚ್ಚರು ಎಂದಿರಿ. ಅವರ ಲೆಕ್ಕವನ್ನೂ ಪಕ್ಕದಲ್ಲಿಡಿ. 10ರಿಂದ ಶುರು ಮಾಡಿ 640ರವರೆಗೆ ಡಬಲ್ ಮಾಡುತ್ತಾ ಏಳು ಸಲ ಕಟ್ಟಿ ಏಳೂ ಸೋತರೆ ಹೋಗುವುದು 1,270. ಹಾಗೆ ಏಳೂ ಸೋಲುವುದು 106 ಸಲಕ್ಕೆ ಸುಮಾರು ಒಮ್ಮೆ. ಉಳಿದ 105 ಸಲ ಹತ್ತತ್ತು ರೂಪಾಯಿ ಗೆಲುವು, ಒಟ್ಟು 1,050. ಎದುರಿಗೆ 1,270. ಅವರದು ಒಂದೇ ಏಟಿಗೆ ಹೋಗುತ್ತದೆ, ನಿಮ್ಮದು ಸೋರಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಗೆದ್ದಾಗ ಮಾತ್ರ ಏರಿಸುವ ಪರೋಲಿ ಎಂಬ ಕ್ರಮವೂ ಇದೆ. 10, 20, 40 ಎಂದು ಸತತ ಮೂರು ಗೆದ್ದರೆ 70 ಲಾಭ, ನಡುವೆ ಎಲ್ಲಿ ಸೋತರೂ ಹೋಗುವುದು 10 ಮಾತ್ರ. ಜೇಬಿಗೆ ಇದು ಮೆದು. ಆದರೆ ಮೂರೂ ಗೆಲ್ಲುವುದು ಸುಮಾರು ಒಂಬತ್ತು ಪ್ರಯತ್ನಕ್ಕೆ ಒಂದು. ಎಂಟು ಸಲ ಕಳೆದುಕೊಂಡ 80ರ ಎದುರು 70.

ನಂಬಿಕೆ ಬರದಿದ್ದರೆ ದುಡ್ಡು ಹಾಕದೆ ಪರೀಕ್ಷೆ ಮಾಡಿ. ಮನೆಯಲ್ಲಿ ಹೌಸಿ ಆಟದ ಬಿಲ್ಲೆ ಇದ್ದರೆ 1ರಿಂದ 36ರವರೆಗೆ ಆರಿಸಿ, ಸೊನ್ನೆಗೆ ಅಂತ ಇನ್ನೊಂದು ಬೇರೆ ಬಿಲ್ಲೆ ಸೇರಿಸಿ ಚೀಲಕ್ಕೆ ಹಾಕಿ. ಬೆಸ ಬಂದರೆ ಗೆಲುವು, ಸಮ ಬಂದರೂ ಸೊನ್ನೆ ಬಂದರೂ ಸೋಲು. ಪ್ರತಿ ಸಲ ತೆಗೆದ ಬಿಲ್ಲೆಯನ್ನು ವಾಪಸ್ ಹಾಕಿ ಕುಲುಕಬೇಕು. ಇದೇ ನೋಟ್‌ಬುಕ್ಕಿನಲ್ಲಿ, ಇದೇ ಎರಡು ಪೆನ್ನಿನಲ್ಲಿ, ಒಂದು ಸಾವಿರ ಸುತ್ತು ಬರೆಯಿರಿ. ಪಂದ್ಯ ಎಲ್ಲೆಲ್ಲಿ 150 ದಾಟಿತು ಎಂದು ಗುರುತು ಹಾಕಿ ನನಗೆ ಕಳಿಸಿ.

ಇನ್ನೊಂದು ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡಿಸುವ ಆಟಗಳನ್ನು ನಿಷೇಧಿಸುತ್ತದೆ, ಅದು ಅದೃಷ್ಟದ ಆಟವಾದರೂ ಸರಿ, ಜಾಣ್ಮೆಯ ಆಟವಾದರೂ ಸರಿ. ಹಾಗಿದ್ದೂ ನಿಮ್ಮ ಫೋನಿನಲ್ಲಿ ಓಡುತ್ತಿರುವ ಆ್ಯಪ್ ಯಾವ ಕಣ್ಗಾವಲೂ ಇಲ್ಲದ್ದು. ಮೇಲಿನ ಲೆಕ್ಕವೆಲ್ಲ ಪ್ರಾಮಾಣಿಕ ಚಕ್ರದ್ದು. ನಿಮ್ಮ ಚಕ್ರ ಪ್ರಾಮಾಣಿಕವೋ ಅಲ್ಲವೋ ಎಂದು ಪರೀಕ್ಷಿಸಿದವರು ಯಾರೂ ಇಲ್ಲ.

ಪ್ರಶ್ನೆ: ಸತತ ಐದು ಸಲ ಕೆಂಪು ಬಂದ ಮೇಲಷ್ಟೇ ನಾನು ಕಪ್ಪಿನ ಮೇಲೆ ಕಟ್ಟುತ್ತೇನೆ. ಕಾದು ಆಡುವುದು ಒಳ್ಳೆಯದಲ್ವಾ? (ಓದುಗ, ತುಮಕೂರು)

ಉತ್ತರ: ಕಾಯುವುದರಿಂದ ಒಂದೇ ಲಾಭ, ಕಡಿಮೆ ಸುತ್ತು ಆಡುತ್ತೀರಿ. ಕಪ್ಪು ಬರುವ ಸಾಧ್ಯತೆ ಆರನೇ ಸುತ್ತಿನಲ್ಲೂ 37ರಲ್ಲಿ 18. ಹಿಂದೆ ಏನು ಬಂತು ಎಂದು ಗೋಲಿಗೆ ಗೊತ್ತಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಸತತ 26 ಸಲ ಕಪ್ಪು ಬಂತು. ಇನ್ನು ಕೆಂಪು ಬರಲೇಬೇಕು ಎಂದು ಜನ ಕಟ್ಟುತ್ತಲೇ ಹೋದರು, ಕಳೆದುಕೊಂಡರು. ಪರದೆಯ ಪಕ್ಕದಲ್ಲಿ ಹಿಂದಿನ ಫಲಿತಾಂಶಗಳ ಪಟ್ಟಿ ತೋರಿಸುತ್ತಾರಲ್ಲ, ಅದನ್ನು ಬಟ್ಟೆಯಿಂದ ಮುಚ್ಚಿ ನೋಡಿ. ಯಾವಾಗ ಕಟ್ಟಬೇಕು ಎಂದು ಹೇಳಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮೂರ ಹಬ್ಬದಲ್ಲಿ ನೋಡುತ್ತಾ ಬೆಳೆದ ಅಂದರ್ ಬಾಹರ್ ಈಗ ಮೊಬೈಲಿನಲ್ಲೂ ಇದೆ. ಇದರಲ್ಲಾದರೂ ಅರ್ಧಕ್ಕರ್ಧ ಅವಕಾಶ ಇದೆಯಾ? (ಓದುಗ, ಮಂಡ್ಯ)

ಉತ್ತರ: ಇಲ್ಲ, ಸ್ವಲ್ಪದರಲ್ಲಿ ತಪ್ಪುತ್ತದೆ. ಮೊದಲು ತೆರೆದಿಟ್ಟ ಇಸ್ಪೀಟು ಎಲೆಗೆ ಜೋಡಿ ಬರುವವರೆಗೆ ಅಂದರ್, ಬಾಹರ್ ಎಂಬ ಎರಡು ಕಡೆಗೆ ಒಂದೊಂದೇ ಎಲೆ ಹಾಕುತ್ತಾರೆ, ಜೋಡಿ ಬಿದ್ದ ಕಡೆ ಗೆಲುವು. ಮೊದಲ ಎಲೆ ಯಾವ ಕಡೆಗೆ ಬೀಳುತ್ತದೋ ಆ ಕಡೆ ಗೆಲ್ಲುವುದು 100ಕ್ಕೆ ಸುಮಾರು 51.5 ಸಲ. ಮೊದಲ ಎಲೆ ಅಂದರ್‌ಗೆ ಹಾಕುವ ಆಟದಲ್ಲಿ ಸಾಮಾನ್ಯವಾಗಿ ಅಂದರ್ ಗೆದ್ದರೆ 100ಕ್ಕೆ 90 ಮಾತ್ರ ಕೊಡುತ್ತಾರೆ, ಬಾಹರ್‌ಗೆ ಪೂರ್ತಿ 100. ಲೆಕ್ಕ ಹಾಕಿದರೆ ಅಂದರ್ ಮೇಲೆ ಕಟ್ಟಿದ 100ಕ್ಕೆ ಸುಮಾರು 2 ರೂಪಾಯಿ 15 ಪೈಸೆ, ಬಾಹರ್ ಮೇಲೆ ಸುಮಾರು 3 ರೂಪಾಯಿ ಕಳೆಯುತ್ತದೆ. ಹಬ್ಬದ ಆಟ ಜನ ಎದ್ದು ಹೋದರೆ ಮುಗಿಯುತ್ತಿತ್ತು. ಫೋನಿನಲ್ಲಿ ಎಲೆ ಹಾಕುವವನಿಗೆ ನಿದ್ದೆ ಬರುವುದಿಲ್ಲ.

ಪ್ರಶ್ನೆ: ನಾನು ಲಂಡನ್ನಿನಲ್ಲಿದ್ದೇನೆ. ಇಲ್ಲಿ ಇದು ಕಾನೂನುಬದ್ಧ. ಗೆಲ್ಲುವ ಆಸೆ ಇಲ್ಲ, ತಿಂಗಳಿಗೊಮ್ಮೆ 20 ಪೌಂಡ್ ಇಟ್ಟು ಆಡುತ್ತೇನೆ. ಯಾವ ಕ್ರಮದಲ್ಲಿ ಅದು ಹೆಚ್ಚು ಹೊತ್ತು ಬರುತ್ತದೆ? (ಓದುಗಿತ್ತಿ)

ಉತ್ತರ: ಏರಿಸಲೇಬೇಡಿ. ಅತಿ ಕಡಿಮೆ ಪಂದ್ಯ, ಪ್ರತಿ ಸಲ ಅಷ್ಟೇ, ಒಂದು ಸೊನ್ನೆಯ ಚಕ್ರ, ನಿಧಾನದ ಆಟ. ಗುಂಡಿ ಒತ್ತಿ ಚಿತ್ರಗಳನ್ನು ತಿರುಗಿಸುವ ಸ್ಲಾಟ್ ಆಟಕ್ಕೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. 96 ಶೇಕಡಾ ವಾಪಸ್ ಕೊಡುತ್ತೇವೆ ಎಂದು ಬರೆದಿರುತ್ತಾರೆ, ಓದಲು ಚೆನ್ನಾಗಿದೆ. ಆದರೆ ನಿಮಿಷಕ್ಕೆ ಹತ್ತು ಸಲ ಒಂದೊಂದು ಪೌಂಡ್ ಒತ್ತಿದರೆ ಗಂಟೆಗೆ 600 ಪೌಂಡ್ ಕಟ್ಟಿದ ಹಾಗೆ, ಅದರ 4 ಶೇಕಡಾ ಎಂದರೆ 24 ಪೌಂಡ್. ನಿಮ್ಮ ಇಡೀ ತಿಂಗಳ ದುಡ್ಡು ಒಂದು ಗಂಟೆಯೊಳಗೇ ಮುಗಿಯಿತು. ಬ್ರಿಟನ್ನಿನ ಸರ್ಕಾರ 2025ರಲ್ಲಿ ಆನ್‌ಲೈನ್ ಸ್ಲಾಟ್‌ಗೆ ಒಂದು ಸುತ್ತಿಗೆ 5 ಪೌಂಡ್, 18ರಿಂದ 24 ವಯಸ್ಸಿನವರಿಗೆ 2 ಪೌಂಡ್ ಎಂದು ಮಿತಿ ಹಾಕಿದ್ದು ಸುಮ್ನೆ ಅಲ್ಲ. ನೀವು ಇಡುವ 20 ಪೌಂಡ್ ಯಾವತ್ತಾದರೂ 40ಕ್ಕೆ ಏರಿದರೆ, ಜೂಜಿನಿಂದ ತಾವೇ ದೂರ ಉಳಿಯಲು ಬಯಸುವವರಿಗೆಂದು ಇರುವ ಗ್ಯಾಮ್‌ಸ್ಟಾಪ್ ಸೇವೆಯಲ್ಲಿ ಹೆಸರು ನೋಂದಾಯಿಸಿ. ಅಲ್ಲಿ ಪರವಾನಗಿ ಇರುವ ಆನ್‌ಲೈನ್ ತಾಣಗಳೆಲ್ಲ ನಿಮ್ಮನ್ನು ಹೊರಗಿಡಬೇಕಾಗುತ್ತದೆ.

ಪ್ರಶ್ನೆ: ಮಗನಿಗೆ 26 ವರ್ಷ, ಒಳ್ಳೆಯ ಕೆಲಸ ಇದೆ. ಆನ್‌ಲೈನ್ ಕ್ಯಾಸಿನೊ ಆಡುತ್ತಾನೆ. ಕೇಳಿದರೆ "ಅಮ್ಮಾ, ಸಣ್ಣ ಸಣ್ಣದಾಗಿ ಲೆಕ್ಕ ಹಾಕಿ ಆಡ್ತೀನಿ" ಎಂದು ಪುಸ್ತಕ ತೋರಿಸುತ್ತಾನೆ. ಮೊನ್ನೆ ಸಾಲದ ಆ್ಯಪ್‌ನಿಂದ ನನಗೇ ಫೋನ್ ಬಂತು. ಗೆದ್ದ ದುಡ್ಡು ಬಿಡಿಸಿಕೊಳ್ಳಲು ಇನ್ನೂ 15,000 ಕಟ್ಟಬೇಕಂತೆ, ನನ್ನನ್ನು ಕೇಳುತ್ತಿದ್ದಾನೆ. ಪೊಲೀಸರಿಗೆ ಹೇಳಿದರೆ ಅವನನ್ನೇ ಹಿಡಿಯುತ್ತಾರಾ? ಆ ಪುಸ್ತಕ ಹರಿದು ಹಾಕಲಾ? (ತಾಯಿ, ಹುಬ್ಬಳ್ಳಿ)

ಉತ್ತರ: ಅಮ್ಮಾ, ಮೊದಲು ಆ 15,000 ಕೊಡಬೇಡಿ. ಗೆದ್ದ ಹಣ ಕೊಡಲು ಮತ್ತೆ ಹಣ ಕೇಳುವುದು ಮೋಸದವರ ಹಳೇ ದಾರಿ. ಕೊಟ್ಟರೆ ನಾಳೆ ಟ್ಯಾಕ್ಸ್ ಎಂದು ಇನ್ನಷ್ಟು ಕೇಳುತ್ತಾರೆ. ಕಟ್ಟಿದ ಹಣದ ಯುಪಿಐ ದಾಖಲೆ, ಚಾಟ್, ಪರದೆಯ ಫೋಟೊ ಎಲ್ಲ ತೆಗೆದಿಟ್ಟು 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು. ಆ 2025ರ ಕಾಯ್ದೆಯಲ್ಲಿ ಜೈಲು ಇರುವುದು ಆಟ ನಡೆಸುವವರಿಗೆ, 3 ವರ್ಷದವರೆಗೆ, ಇಲ್ಲವೇ 1 ಕೋಟಿವರೆಗೆ ದಂಡ, ಇಲ್ಲವೇ ಎರಡೂ. ಆಡಿದವರಿಗೆ ಅದು ಶಿಕ್ಷೆ ಇಟ್ಟಿಲ್ಲ. ಆ ಹೆದರಿಕೆಗೆ ಸುಮ್ಮನೆ ಕೂರಬೇಡಿ.

ಮಗ ಕೆಟ್ಟವನಾದ ಎಂದು ಅಂದುಕೊಳ್ಳಬೇಡಿ. ಹೋದದ್ದನ್ನು ಹಿಂದಕ್ಕೆ ತರಬೇಕು ಎಂದು ಆಡುತ್ತಿದ್ದಾನೆ, ಅದಕ್ಕೇ ಸಾಲ. ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ 2014ರಿಂದ ಷಟ್ ಎಂಬ ಕ್ಲಿನಿಕ್ ನಡೆಯುತ್ತಿದೆ. ಅಷ್ಟು ದೂರ ಈಗಲೇ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಕರೆ ನೀವೇ ಮಾಡಬಹುದು, ಅವನು ಒಪ್ಪುವವರೆಗೆ ಕಾಯಬೇಕಿಲ್ಲ.

ಪುಸ್ತಕ ಹರಿಯಬೇಡಿ. ಭಾನುವಾರ ಊಟ ಆದ ಮೇಲೆ ಅವನ ಪಕ್ಕದಲ್ಲಿ ಕೂತು ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ. ಆ್ಯಪ್‌ಗೆ ಹೋದ ಹಣಕ್ಕೆಲ್ಲ ಒಂದು ಗುರುತು, ಆ್ಯಪ್‌ನಿಂದ ವಾಪಸ್ ಬಂದದ್ದಕ್ಕೆ ಇನ್ನೊಂದು. ಅವನೇ ಕೂಡಿಸಲಿ, ನೀವು ಏನೂ ಅನ್ನಬೇಡಿ. ಅವನ ಪುಸ್ತಕದಲ್ಲಿ ಪಂದ್ಯಗಳಿರುತ್ತವೆ, ಆದರೆ ತಿಂಗಳ ಕೊನೆಗೆ ಮತ್ತೆ ಮತ್ತೆ ತುಂಬಿದ ಐನೂರು, ಸಾವಿರಗಳು ಇರುವುದಿಲ್ಲ. ಅವನ್ನು ಅದೇ ಪುಸ್ತಕದ ಕೊನೇ ಹಾಳೆಯಲ್ಲಿ, ಅವನ ಕೈಯಲ್ಲೇ ಬರೆಸಿ.